ಹನ್ನೊಂದನೆಯ ಬಟ್ಟಲು

ಸಾಗರದಿಂದ ತೀರ್ಥಹಳ್ಳಿಯವರೆಗೆ ಕಲ್ಲು ನೋಡಿ ವಯಸ್ಸು ಹೇಳುವವನು ನಾನೊಬ್ಬನೇ. ಬೇಕಾದರೆ ಬೆಟ್ಟಗಳನ್ನೇ ಕೇಳಿ. ೧೯೬೩ರಲ್ಲಿ ಹೊಸನಗರದ ಕಡೆ, ಶರಾವತಿಯಲ್ಲಿ ಮುಳುಗಲಿದ್ದ ಊರೊಂದರಲ್ಲಿ ಸರ್ವೆ ಕೆಲಸಕ್ಕಿದ್ದೆ. ಗೆಳೆಯನೊಬ್ಬ ಹಿಮಾಲಯದಿಂದ ಕಲ್ಲೊಂದನ್ನು ಕಳಿಸಿದ್ದ. ಅದರಲ್ಲಿ ಗ್ರಾಪ್ಟೊಲೈಟ್ ಎಂಬ ಅಳಿದುಹೋದ ಕಡಲಜೀವಿಯ ಗುರುತು: ಗರಗಸದ ಹಲ್ಲಿನಂತೆ ಸಾಲು ಬಟ್ಟಲು, ಬಟ್ಟಲಿಗೊಂದು ಜೀವ, ಎಲ್ಲಕ್ಕೂ ಒಂದೇ ಎಳೆ. ಬಟ್ಟಲು ಎಣಿಸಿದರೆ ಜಾತಿ ತಿಳಿಯುತ್ತದೆ, ಜಾತಿಯಿಂದ ಕಾಲ. ಹತ್ತು ಬಟ್ಟಲು, ನಲವತ್ಮೂರು ಕೋಟಿ ವರ್ಷ ಎಂದು ಚೀಟಿ ಬರೆದೆ.

ಊರಿನ ಕೊನೆಯ ಲಾರಿ ಹೊರಟ ಮಧ್ಯಾಹ್ನ, ನನಗೆ ಊಟ ಹಾಕುತ್ತಿದ್ದ ಗುತ್ಯಮ್ಮ ಅದರ ಮೇಲಿನಿಂದ ಕೂಗಿದಳು: "ಒಬ್ರೇ ಎಂತ ಮಾಡ್ತೀರಿ ಮಾರಾಯ್ರೆ? ಆ ಕಲ್ಲು ಮಾತಾಡ್ತದಾ? ಹತ್ತಿ!"

"ನನ್ನ ಹತ್ರ ಕಲ್ಲೂ ಮಾತಾಡ್ತದೆ, ನೀ ಹೋಗು," ಎಂದೆ.

ಲಾರಿಯ ಸದ್ದು ಅಡಗಿತು. ಊರಲ್ಲಿ ಒಂದು ಕೋಳಿಯೂ ಇಲ್ಲ. ಬೇರೇನೂ ತೋಚದೆ ಮಸೂರ ಹಿಡಿದು ಮತ್ತೆ ಎಣಿಸಿದೆ. ಹನ್ನೊಂದು. ಹತ್ತರಲ್ಲಿ ಕಲ್ಲು ತುಂಬಿತ್ತು, ಹನ್ನೊಂದನೆಯದು ಖಾಲಿ. ಉಸಿರು ಬಿಗಿಹಿಡಿದು ಬಗ್ಗಿದೆ. ಆದರೂ ಮಸೂರದ ಮೇಲೆ ಆವಿ ಕಟ್ಟಿತು, ನಾಲಿಗೆಗೆ ಉಪ್ಪು ಹತ್ತಿತು.

ಹೆದರುವ ಜಾತಿಯವನಲ್ಲ ನಾನು. ಆರು ಮೈಲಿ ಓಡಿ ಲಾರಿ ಹಿಡಿದದ್ದು ಕಾಲು ಜೋಮು ಹಿಡಿದಿತ್ತೆಂದು. ಗುತ್ಯಮ್ಮನ ಪಕ್ಕ ಕೂತು ಎಣಿಸಿದರೆ, ಹತ್ತು.

ಆಮೇಲೆ ಮದುವೆಯಾದೆ. ಯಾವಾಗ ಎಣಿಸಿದರೂ ಹತ್ತೇ. ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಅಂದಿನಿಂದ ದಾರಿಹೋಕರನ್ನೆಲ್ಲ ಕರೆದು ಕೂರಿಸಿ, ಕಾಫಿ ಕೊಟ್ಟು, ಈ ಕಥೆ ಹೇಳುತ್ತೇನೆ. ಅವರು ಇರುವಷ್ಟು ಹೊತ್ತು ಹತ್ತು. ಎದ್ದು ಹೋದರೆ ಹನ್ನೊಂದು. ಆ ಬಟ್ಟಲು ಇನ್ನೂ ಖಾಲಿಯೇ ಇದೆ.