ಒಂದು ಗೇಣು ದೂರ

ಪಿಟೀಲು ಟೀಚರ್ ಆ ತಿಂಗಳಲ್ಲಿ ನಾಲ್ಕನೆಯ ಸಲ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಚುರುಕಿ ಒರೆಸುತ್ತಿದ್ದ ಲೆನ್ಸ್ ಕೆಳಗಿಟ್ಟು ಬೆರಳು ಮಡಿಸಿ ಲೆಕ್ಕ ಹಾಕಿದಳು.

ಕನ್ನಡಕದ ಅಂಗಡಿಗೆ ಜನ ವರ್ಷಕ್ಕೊಮ್ಮೆ ಬರುತ್ತಾರೆ. ಕನ್ನಡಕದ ಮೇಲೇ ಕೂತು ಮುರಿದುಕೊಂಡವರು ಎರಡು ಸಲ ಬರುತ್ತಾರೆ. ನಾಲ್ಕು ಸಲ ಬರುವವರು ಕನ್ನಡಕಕ್ಕಾಗಿ ಬರುವುದಿಲ್ಲ ಎಂಬುದು ಚುರುಕಿಯ ಇಪ್ಪತ್ತೆರಡು ವರ್ಷಗಳ ಅನುಭವ.

"ಸ್ಟ್ಯಾಂಡ್ ಮೇಲಿರೋ ಸಂಗೀತದ ನೋಟ್ಸ್ ಇನ್ನೂ ಮಂಜು ಮಂಜು," ಎಂದಳು ಟೀಚರ್. ವಯಸ್ಸು ಐವತ್ತರ ಮೇಲೆ. ಕಿವಿಯ ಪಕ್ಕದಲ್ಲಿ ಒಂದೇ ಒಂದು ಬೆಳ್ಳಿ ಕೂದಲೆಳೆ, ಬೇಕೆಂದೇ ಬಣ್ಣ ಹಚ್ಚದೆ ಬಿಟ್ಟದ್ದು. "ಓದೋಕೆ ಹತ್ತಿರದ್ದಿದೆ, ಬೀದಿಗೆ ದೂರದ್ದಿದೆ. ನಂದು ಎರಡರ ಮಧ್ಯದ ಕಷ್ಟ."

"ಮಧ್ಯದ ಕಷ್ಟಾನೇ ದೊಡ್ಡ ಕಷ್ಟ ಮೇಡಂ. ಬನ್ನಿ, ಕೂತ್ಕೊಳಿ," ಎಂದ ಚುರುಕಿಯ ಗಂಡ.

ಅದಕ್ಕೇ ಟೀಚರ್ ನಕ್ಕಳು. ಅದೇನು ನಗು! ನಾಲ್ಕೂ ತಂತಿಗಳನ್ನು ಒಟ್ಟಿಗೆ ಮೀಟಿದ ಹಾಗೆ.

ಗಂಡನ ಕೆಲಸ ಕಣ್ಣು ಪರೀಕ್ಷೆ. ಡಾಕ್ಟರಲ್ಲ, ಆದರೆ ಚುರುಕಿ ಮದುವೆಯಾದಂದಿನಿಂದಲೂ ಅವನನ್ನು ಕರೆಯುವುದು 'ಡಾಕ್ಟ್ರೇ' ಎಂದೇ. ಅವನು ಒಳಗಿನ ಪುಟ್ಟ ಕತ್ತಲೆ ಕೋಣೆಯಲ್ಲಿ ಕಣ್ಣು ನೋಡುತ್ತಾನೆ. ಅವಳು ಹೊರಗಿನ ಮೇಜಿನಲ್ಲಿ ಫ್ರೇಮ್ ಆರಿಸಿ, ಲೆನ್ಸ್ ಕೂರಿಸಿ, ಮೂಗಿಗೂ ಕಿವಿಗೂ ಒಪ್ಪುವಂತೆ ಬಗ್ಗಿಸಿ ಕೊಡುತ್ತಾಳೆ. ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುತ್ತಾಳೆಂದು ಅಪ್ಪ ಚಿಕ್ಕಂದಿನಲ್ಲೇ ಇಟ್ಟ ಹೆಸರು ಚುರುಕಿ. ಅದೇ ನಿಂತುಹೋಗಿತ್ತು.

ಕಣ್ಣು ನೋಡುವಾಗ ಅವನು ಒಂದು ಗೇಣು ದೂರಕ್ಕೆ ಬಾಗುತ್ತಾನೆ. ಪುಟ್ಟ ಟಾರ್ಚು ಹಿಡಿದು, ಉಸಿರು ಬಿಗಿಹಿಡಿದು, ಎದುರಿಗಿರುವವರ ಕಣ್ಣಿನ ತಳವನ್ನೇ ನೋಡುತ್ತಾನೆ. ಇಷ್ಟು ವರ್ಷ ಅದು ಅವಳಿಗೆ ಬರೀ ಕೆಲಸವಾಗಿ ಕಂಡಿತ್ತು. ಈಗ ಅರ್ಧ ತೆರೆದ ಪರದೆಯ ಸಂದಿಯಿಂದ ಕಾಣುತ್ತಿದ್ದುದು ಒಂದು ಗೇಣು ಮಾತ್ರ.

"ನನ್ನ ಕಿವಿ ನೋಡಿ," ಎನ್ನುತ್ತಿದ್ದ ಒಳಗೆ. "ಅಲ್ಲಾಡಬೇಡಿ."

"ಕಿವಿ ಏನು ಅಷ್ಟು ಚೆನ್ನಾಗಿದೆಯಾ ನೋಡೋಕೆ?"

ಮತ್ತೆ ನಗು. ಈ ಸಲ ಇಬ್ಬರದೂ.

ಚುರುಕಿಯ ಎದೆಯ ನಡುವಿನಿಂದ ಶಾಖ ಎದ್ದಿತು. ಕುತ್ತಿಗೆಗೆ, ಕೆನ್ನೆಗೆ, ಕೂದಲ ಬುಡಕ್ಕೆ. ಬೆನ್ನ ಮೇಲೆ ಬೆವರು ಇಳಿಯಿತು. ಎಂಟು ತಿಂಗಳಿಂದ ದಿನಕ್ಕೆ ಐದಾರು ಸಲ ಹೀಗೇ. ಇದು ಆ ಶಾಖವೋ ಹೊಟ್ಟೆಕಿಚ್ಚೋ ಅವಳಿಗೆ ಗೊತ್ತಾಗಲಿಲ್ಲ. ಮೂಗಿಗೆ ಸುಟ್ಟ ವಾಸನೆ ಬಡಿದಾಗಲೇ ಎಚ್ಚರ.

ಫ್ರೇಮ್ ಮೆತ್ತಗಾಗಲು ಬಿಸಿ ಮರಳಿನ ಪಾತ್ರೆಯಲ್ಲಿ ಹತ್ತು ಸೆಕೆಂಡು ಇಟ್ಟರೆ ಸಾಕು. ಟೀಚರ್ ಮೊದಲೇ ಕಳಚಿಕೊಟ್ಟಿದ್ದ ಆಮೆಚಿಪ್ಪಿನ ಬಣ್ಣದ ಫ್ರೇಮ್ ಆ ಮರಳಿನಲ್ಲಿ ಗುಳ್ಳೆಯೆದ್ದು ಸೊಟ್ಟಗಾಗಿ ಕೂತಿತ್ತು.

ಗಂಡ ಹೊರಗೆ ಬಂದವನು ಒಮ್ಮೆ ಫ್ರೇಮ್ ನೋಡಿದ, ಒಮ್ಮೆ ಅವಳ ಬೆವರಿದ ಮುಖ ನೋಡಿದ. "ಅಯ್ಯೋ, ಬೆಳಿಗ್ಗೆ ಬಿಸಿ ಜಾಸ್ತಿ ಇಟ್ಟವನು ನಾನೇ. ಮೇಡಂ, ಹೊಸದು ಮಾಡಿಸಿಕೊಡ್ತೀವಿ," ಎಂದ.

ಅವನು ಮರಳಿನ ಪಾತ್ರೆ ಮುಟ್ಟಿರಲೇ ಇಲ್ಲ. ಬೈದಿದ್ದರೂ ಸಹಿಸುತ್ತಿದ್ದಳು. ಆ ಹೆಂಗಸಿನ ಎದುರು ತನ್ನನ್ನು ಕಾಪಾಡಿದ್ದನ್ನು ಮಾತ್ರ ಸಹಿಸಲಾಗಲಿಲ್ಲ.

*

ಎಂಟು ತಿಂಗಳಲ್ಲಿ ಅವಳ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಮುಟ್ಟು ಒಮ್ಮೆ ಎರಡು ತಿಂಗಳು ನಾಪತ್ತೆ, ಒಮ್ಮೆ ಹದಿನೈದು ದಿನಕ್ಕೇ ಹಾಜರ್, ಬಂದರೆ ಹೊಳೆ. ಎದೆ ಕಾರಣವಿಲ್ಲದೆ ಓಟಕ್ಕೆ ಬೀಳುತ್ತಿತ್ತು. ಕಣ್ಣಲ್ಲಿ ಸದಾ ಮರಳು ಬಿದ್ದ ಉರಿ. ಸಿಟ್ಟಂತೂ ಮೂಗಿನ ತುದಿಯಲ್ಲೇ ಮನೆ ಮಾಡಿತ್ತು.

ಎಲ್ಲಕ್ಕಿಂತ ಹೆದರಿಸಿದ್ದು ಮರೆವು. ಒಂದು ದಿನ ಗಿರಾಕಿಯ ಎದುರು 'ಕನ್ನಡಕ' ಎಂಬ ಶಬ್ದವೇ ನಾಲಿಗೆಗೆ ಬರಲಿಲ್ಲ. "ನಿಮ್ಮ ಆ... ಅದು... ಮುಖಕ್ಕೆ ಹಾಕೋದು," ಎಂದು ತಡವರಿಸಿದ್ದಳು.

ಬೆವರಿನಿಂದ ಹಾಸಿಗೆ ಒದ್ದೆಯಾಗತೊಡಗಿದ ಮೇಲೆ ಟೇಬಲ್ ಫ್ಯಾನ್ ಎತ್ತಿಕೊಂಡು, ಬೇರೆ ಊರಲ್ಲಿ ಓದುತ್ತಿದ್ದ ಮಗಳ ಖಾಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಎರಡು ಸಲ ಬಾಗಿಲು ತಟ್ಟಿದ. "ಏನಾಗ್ತಿದೆ ಹೇಳು." "ಏನೂ ಇಲ್ಲ. ಸೆಕೆ." ಮೂರನೆಯ ಸಲ ಅವನು ತಟ್ಟಲಿಲ್ಲ. ತಟ್ಟಲಿಲ್ಲವೆಂದು ಅವಳಿಗೆ ಸಿಟ್ಟು.

ಕನ್ನಡಿಯೆದುರು ನಿಂತರೆ ಟೀಚರಳ ಬೆಳ್ಳಿ ಎಳೆ ನೆನಪಾಗುತ್ತಿತ್ತು. ತನಗಿಂತ ನಾಲ್ಕು ವರ್ಷಕ್ಕಾದರೂ ದೊಡ್ಡವಳು. ಆದರೂ ಎಷ್ಟು ಹಗುರ! ತಾನು ನಲವತ್ತೇಳಕ್ಕೇ ಒದ್ದೆ ಬಟ್ಟೆಯ ಗಂಟಿನಂತಾಗಿದ್ದೇನೆ ಅನ್ನಿಸುತ್ತಿತ್ತು.

*

ಮಂಗಳವಾರ ಮಧ್ಯಾಹ್ನ ಗಂಡ ಲೆನ್ಸ್ ಲ್ಯಾಬಿಗೆ ಹೋಗಿಬರುತ್ತೇನೆಂದು ಹೊರಟ. ಅರ್ಧ ಗಂಟೆಯಲ್ಲಿ ಲ್ಯಾಬಿನಿಂದಲೇ ಫೋನ್ ಬಂತು: "ಸರ್ ಇವತ್ತು ಬರ್ತಾರಾ?"

ಚುರುಕಿ ಅಂಗಡಿಗೆ ಬೀಗ ಹಾಕಿ ಬೀದಿಗೆ ಇಳಿದಳು. ಎಲ್ಲಿಗೆಂದು ಯೋಚಿಸಿರಲಿಲ್ಲ, ಕಾಲು ಟೀಚರ್ ಪಿಟೀಲು ಕಲಿಸುವ ಸಂಗೀತ ಶಾಲೆಯ ಕಡೆಗೇ ತಿರುಗಿತು. ಶಾಲೆಯ ಎದುರಿನ ಕಾಫಿ ಅಂಗಡಿಯ ಕಿಟಕಿಯಲ್ಲಿ ಇಬ್ಬರೂ ಕೂತಿದ್ದರು.

ಟೀಚರ್ ಕೈಬೀಸಿ ಏನೋ ಹೇಳುತ್ತಿದ್ದಳು. ಒಮ್ಮೆ ಅಂಗೈಯಿಂದ ಕುತ್ತಿಗೆಗೆ ಗಾಳಿ ಹಾಕಿಕೊಂಡಳು. ಗಂಡ ತಲೆ ತಗ್ಗಿಸಿ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ನಡುನಡುವೆ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಒಂದಕ್ಷರ ತಪ್ಪಿದರೂ ಮತ್ತೆ ಸಿಗುವುದಿಲ್ಲ ಎನ್ನುವಂಥ ನೋಟ. ಮದುವೆಯ ಹೊಸತರಲ್ಲಿ ಆ ನೋಟ ಚುರುಕಿಯ ಸ್ವಂತ ಆಸ್ತಿಯಾಗಿತ್ತು.

ಒಳಗೆ ನುಗ್ಗಿ ಮೇಜು ಮಗುಚಬೇಕು ಅನ್ನಿಸಿತು. ಅಷ್ಟರಲ್ಲಿ ಎದೆ ದಡಬಡಿಸಿ, ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ನಿಂತಳು. ಸವತಿಯೊಂದಿಗೆ ಜಗಳವಾಡಲೂ ಈ ಮೈ ಬಿಡುವುದಿಲ್ಲವಲ್ಲ ಎಂದು ಅಳು ಬಂತು.

*

ಅವನು ವಾಪಸು ಬಂದಾಗ ಅವಳು ಅಂಗಡಿಯ ಶಟರ್ ಅರ್ಧ ಎಳೆದು ಕೂತಿದ್ದಳು.

"ಲ್ಯಾಬಲ್ಲಿ ಕಾಫಿ ಚೆನ್ನಾಗಿತ್ತಾ, ಡಾಕ್ಟ್ರೇ?"

ಅವನು ಸುಳ್ಳು ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ.

ಅವನ ಚಿಕ್ಕ ಚಿಕ್ಕ ಅಕ್ಷರಗಳು. ತೆಳು ಹತ್ತಿಯ ಹೊದಿಕೆ. ಜಾಸ್ತಿ ರಕ್ತ ಹೋಗುವುದನ್ನು ತಡಮಾಡದೆ ತೋರಿಸಬೇಕು. ಒಬ್ಬ ಲೇಡಿ ಡಾಕ್ಟರ ಹೆಸರು, ಫೋನ್ ನಂಬರು. ಕೆಳಗೆ ಎರಡು ಸಲ ಗೆರೆ ಎಳೆದು: 'ಸಮಾಧಾನ ಮಾಡ್ಕೋ ಅಂತ ಯಾವತ್ತೂ ಹೇಳಬಾರದು.'

"ಅವರಿಗೂ ಇದೆಲ್ಲ ಆಗಿತ್ತಂತೆ," ಎಂದ ಅವನು. "ಆವತ್ತು ಫ್ರೇಮ್ ಸುಟ್ಟ ದಿನ ನಿನ್ನ ಮುಖ ನೋಡಿದ ತಕ್ಷಣ ಅವರಿಗೆ ಗೊತ್ತಾಯ್ತು. ನಾನೇ ಕೇಳಿದೆ, ಸ್ವಲ್ಪ ಹೇಳಿ ಅಂತ."

ಕಾಗದ ಓದಿ ಅವಳು ಕರಗುತ್ತಾಳೆಂದು ಅವನು ಅಂದುಕೊಂಡಿದ್ದರೆ ಅದು ತಪ್ಪು ಲೆಕ್ಕ.

"ನನ್ನ ಮೈ ಸುದ್ದಿ ಅವಳ ಹತ್ರ ಹೇಳಿದೆಯಾ? ಹಾಸಿಗೆ ಒದ್ದೆಯಾಗೋದು? ನನ್ನ ಮುಟ್ಟು? ಕಾಫಿ ಕುಡೀತಾ?"

"ನೀನು ಬಾಗಿಲು ಹಾಕ್ಕೊಂಡೆ. ನಾನು ಯಾರನ್ನ ಕೇಳಲಿ?"

"ನನ್ನನ್ನ! ಹತ್ತು ಸಲ ತಟ್ಟಬೇಕಿತ್ತು!"

ಅವನು ಸ್ಟೂಲಿನ ಮೇಲೆ ಕುಸಿದ. "ಹೌದು. ತಟ್ಟಬೇಕಿತ್ತು. ಹೆದರಿದೆ. ನಾನೇ ಬೇಡವಾದೆನೇನೋ ಅಂತ. ನನ್ನನ್ನ ಆಚೆ ಬಿಟ್ಟು ಆ ಫ್ಯಾನನ್ನ ಒಳಗೆ ಕರ್ಕೊಂಡೆಯಲ್ಲ, ನಿಜ ಹೇಳ್ತೀನಿ, ಆ ಫ್ಯಾನ್ ಮೇಲೆ ಹೊಟ್ಟೆಕಿಚ್ಚು ಪಟ್ಟಿದೀನಿ."

ನಗು ಬರಬೇಕಿತ್ತು. ಬರಲಿಲ್ಲ. ಅವಳು ಕೇಳಲೇಬೇಕಾದದ್ದು ಇನ್ನೂ ಬಾಕಿ ಇತ್ತು.

"ಅವಳು ಇಷ್ಟಾನಾ ನಿಂಗೆ?"

ಅವನು ಮೇಜಿನ ಮೇಲಿದ್ದ ಕಾಗದವನ್ನು ಮತ್ತೆ ಮಡಿಸಿದ.

"ಅವರ ನಗು ಇಷ್ಟ," ಎಂದ. "ನಮ್ಮ ಮನೇಲಿ ಯಾರೂ ನಕ್ಕು ತಿಂಗಳುಗಳಾಯ್ತು. ಅವರು ನಕ್ಕಾಗ ಇನ್ನೊಂದು ಸಲ ನಗಲಿ ಅನ್ನಿಸ್ತಿತ್ತು. ಅದರಾಚೆ ಏನೂ ಇಲ್ಲ. ಆದ್ರೆ ಅಷ್ಟೂ ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಸೂಜಿ ಚುಚ್ಚಿದಂತಾಯಿತು. ಆದರೂ ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಯಾರಾದರೂ ಆಡಿದ ಮೊದಲ ಪೂರ್ತಿ ನಿಜ ಅದು. ಅವಳಿಗೂ ತನ್ನ ಪಾಲಿನ ನಿಜ ಹೊರಹಾಕಬೇಕೆನಿಸಿತು.

"ಆ ಫ್ರೇಮ್... ಮರೆತು ಸುಟ್ಟೆನೋ ಬೇಕಂತಲೇ ಸುಟ್ಟೆನೋ ನಂಗೇ ಗೊತ್ತಿಲ್ಲ. ಎದೆ ಹೊಡ್ಕೊಳ್ಳುತ್ತೆ, ಸತ್ತೇ ಹೋಗ್ತೀನಿ ಅನ್ಸುತ್ತೆ. ಮಾತು ಮರೆತುಹೋಗುತ್ತೆ. ನಾನು ಮುಗಿದ್ಹೋದೆ ಅಂದ್ಕೊಂಡೆ. ನಿಂಗೆ ಗೊತ್ತಾದ್ರೆ ನೀನೂ ಹಾಗೇ ಅಂದ್ಕೊತೀಯ ಅಂತ..."

ಕಣ್ಣು ಉಜ್ಜಿಕೊಂಡಳು.

"ಉಜ್ಜಬೇಡ," ಎಂದು ಅವನು ಎದ್ದು ಅವಳ ಕೈ ಹಿಡಿದ. "ಎದ್ದೇಳು. ಒಳಗೆ ಬಾ."

ಗಿರಾಕಿಗಳ ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ಟಾರ್ಚು ಹಿಡಿದು ಬಾಗಿದ. ಅವನ ರೆಪ್ಪೆಯಲ್ಲಿ ಒಂದು ನರೆ ಕೂದಲಿತ್ತು. ಅದು ಯಾವಾಗ ಬಂತೋ ಅವಳು ಗಮನಿಸಿಯೇ ಇರಲಿಲ್ಲ.

"ಪೂರ್ತಿ ಒಣಗಿದೆ ಕಣ್ಣು. ಈ ವಯಸ್ಸಲ್ಲಿ ಆಗುತ್ತೆ, ಡ್ರಾಪ್ಸ್ ಹಾಕಿದ್ರೆ ಕಡಿಮೆ ಆಗುತ್ತೆ. ಊರವರ ಕಣ್ಣೆಲ್ಲ ನೋಡಿ ಮನೆಯವಳ ಕಣ್ಣು ನೋಡಲಿಲ್ಲ ನಾನು."

"ನೋಡಿದ್ರೂ ಏನಿದೆ ಅದರಲ್ಲಿ?"

"ಸಿಟ್ಟಿದೆ. ರಾಶಿ ರಾಶಿ." ಅವನು ಟಾರ್ಚು ಆರಿಸಿದ. ಆದರೆ ದೂರ ಸರಿಯಲಿಲ್ಲ.

"ಡಾಕ್ಟ್ರೇ, ಪರೀಕ್ಷೆ ಮುಗೀತಲ್ಲ?"

"ಮುಗೀತು."

"ಮತ್ತೆ?"

"ಸುಮ್ನೆ ನೋಡ್ತಿದೀನಿ," ಎಂದ. ಚುರುಕಿಯ ಕೆನ್ನೆ ಬಿಸಿಯಾಯಿತು. ಈ ಸಲದ ಬಿಸಿ ಯಾವುದೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

*

ಲೇಡಿ ಡಾಕ್ಟರ್ ಎಲ್ಲವನ್ನೂ ಕೇಳಿ, ರಕ್ತ ಪರೀಕ್ಷೆ, ಸ್ಕ್ಯಾನು ಮಾಡಿಸಿ, ಒಂದು ವಾರದ ನಂತರ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಹೆದರೋಂಥದ್ದು ಏನೂ ಕಾಣ್ಲಿಲ್ಲ. ರಕ್ತ ಮಾತ್ರ ತುಂಬ ಕಡಿಮೆ ಇದೆ, ಸುಸ್ತು ಎದೆಬಡಿತಕ್ಕೆ ಅದೂ ಒಂದು ಕಾರಣ. ಮುಟ್ಟು ಪೂರ್ತಿ ನಿಲ್ಲೋಕೆ ಮುಂಚೆ ಮೈ ಕೆಲವು ವರ್ಷ ಹೀಗೆ ಹೊಯ್ದಾಡುತ್ತಮ್ಮ. ನಿಮಗೆ ಹುಚ್ಚೂ ಹಿಡಿದಿಲ್ಲ, ನೀವು ಮುಗಿದೂ ಹೋಗಿಲ್ಲ. ಎಂಟು ತಿಂಗಳು ಯಾಕೆ ಬರಲಿಲ್ಲ?"

"ಎಲ್ಲರೂ ಸಹಿಸ್ಕೊತಾರಲ್ಲ ಅಂತ..."

"ಎಲ್ಲರೂ ಸಹಿಸ್ಕೊಂಡಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಅವರು ಚೀಟಿ ಬರೆದರು. ಕಬ್ಬಿಣದ ಮಾತ್ರೆ, ಅವಳ ಮೈಗೆ ಒಗ್ಗುವುದೆಂದು ವಿವರಿಸಿ, ಅವಳೇ ಒಪ್ಪಿದ ಮೇಲೆ ಹಾರ್ಮೋನು.

ಮಂತ್ರ ಹಾಕಿದಂತೆ ಏನೂ ಮಾಯವಾಗಲಿಲ್ಲ. ಮೊದಲ ತಿಂಗಳು ಅಷ್ಟಕ್ಕಷ್ಟೆ. ಮೂರನೆಯ ತಿಂಗಳ ಹೊತ್ತಿಗೆ ಶಾಖ ದಿನಕ್ಕೊಂದು ಸಲಕ್ಕೆ ಇಳಿದಿತ್ತು. ಆಗಾಗ ಸಿಟ್ಟು ಬರುತ್ತಿತ್ತು. ಬಂದಾಗ ಗಂಡ ಸಮಾಧಾನ ಹೇಳದೆ ಕಿಟಕಿ ತೆರೆಯುತ್ತಿದ್ದ.

ಹೊಸ ಫ್ರೇಮ್ ಲ್ಯಾಬಿನಿಂದ ಬಂದು ಎಷ್ಟೋ ದಿನ ಡ್ರಾಯರಿನಲ್ಲೇ ಇತ್ತು. ಟೀಚರ್ ಆ ಮಂಗಳವಾರದ ನಂತರ ಅಂಗಡಿ ಕಡೆ ತಲೆಹಾಕಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಚುರುಕಿಯೇ ಅದನ್ನು ಚೀಲಕ್ಕೆ ಹಾಕಿಕೊಂಡು ಅವಳ ಮನೆಗೆ ಹೋದಳು.

ಒಂದೇ ಕೋಣೆ. ಒಂದೇ ತಟ್ಟೆ, ಒಂದೇ ಲೋಟ ಒಣಗಲು ಬೋರಲಾಗಿದ್ದವು. ಟೀಚರ್ ಕನ್ನಡಕ ಹಾಕಿ ಸ್ಟ್ಯಾಂಡ್ ಕಡೆ ನೋಡಿದಳು. "ಅಬ್ಬಾ, ಮತ್ತೆ ಕಾಣಿಸ್ತಿದೆ."

ಚುರುಕಿ ಅವಳ ಕಿವಿಯ ಹಿಂದೆ ಕಡ್ಡಿಯನ್ನು ಸರಿಮಾಡುತ್ತಲೇ ಹೇಳಿದಳು, "ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟೆ ನಾನು. ಸಾಯೋವಷ್ಟು."

ಟೀಚರ್ ನಗಲಿಲ್ಲ.

"ನಾನು ನಿಮ್ಮ ಮೇಲೆ," ಎಂದಳು. "ನನಗೆ ಹೀಗಾದ ವರ್ಷ ನನ್ನ ಗಂಡ ಪೆನ್ನು ಕಾಗದ ಹಿಡೀಲಿಲ್ಲ. ಸೂಟ್‌ಕೇಸ್ ಹಿಡಿದ. ನಿಮ್ಮವರು ಬರ್ಕೊತಾ ಕೂತಿದ್ರಲ್ಲ, ಆವತ್ತು ಮನೆಗೆ ಬಂದು ಅತ್ತುಬಿಟ್ಟೆ. ಕನ್ನಡಕ ಎರಡನೇ ಸಲಕ್ಕೇ ಸರಿಯಾಗಿತ್ತು. ಮತ್ತೆರಡು ಸಲ ಬಂದದ್ದು ತಪ್ಪು. ಯಾರಾದ್ರೂ ಗಮನ ಇಟ್ಟು ನೋಡಿದ್ರೆ ಸಾಕು ಅನ್ನಿಸಿಬಿಟ್ಟಿತ್ತು."

ಕ್ಷಮಿಸುವಷ್ಟು ದೊಡ್ಡ ಮನಸ್ಸು ತನ್ನದಲ್ಲ ಎಂಬುದು ಚುರುಕಿಗೆ ಗೊತ್ತಿತ್ತು. ಆದರೂ ಕೈ ತಾನಾಗಿ ಆ ಬೆಳ್ಳಿ ಎಳೆಯನ್ನು ಕಡ್ಡಿಯಡಿಯಿಂದ ಮೆಲ್ಲಗೆ ಬಿಡಿಸಿ ಸರಿಮಾಡಿತು. "ಸಡಿಲ ಆದ್ರೆ ಬನ್ನಿ," ಎಂದಳು. "ನನ್ನ ಮೇಜಿಗೆ ಬನ್ನಿ."

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದ.

"ಏನಂದ್ರು?"

"ಅದು ನಮ್ಮಿಬ್ಬರ ಮಾತು. ನಿಂಗ್ಯಾಕೆ?"

ಅವನ ಮುಖ ಚಿಕ್ಕದಾಯಿತು. ಹೊಟ್ಟೆಕಿಚ್ಚು ಎದುರಿನವರ ಮುಖದ ಮೇಲೆ ಇಷ್ಟು ಚೆನ್ನಾಗಿ ಕಾಣುತ್ತದೆಂದು ಚುರುಕಿಗೆ ಅಂದೇ ಗೊತ್ತಾದದ್ದು. ಸ್ವಲ್ಪ ಹೊತ್ತು ನಿಂತು ಆ ಚಂದ ನೋಡಿದಳು. ಆಮೇಲೆ ಮಗಳ ಕೋಣೆಗೆ ಹೋಗಿ, ತನ್ನ ದಿಂಬು, ಹೊದಿಕೆ ಬಾಚಿ ತಬ್ಬಿಕೊಂಡು ಬಂದು ಅವರಿಬ್ಬರ ಹಾಸಿಗೆಯ ಮೇಲೆ ಧೊಪ್ಪನೆ ಹಾಕಿದಳು.

ಅವನು ನಂಬಲಾರದೆ ನಿಂತಿದ್ದ. "ಬಿಸಿಯಾದ್ರೆ?"

"ಬಿಸಿಯಾದ್ರೆ ಒದೀತೀನಿ. ಆಚೆ ಸರ್ಕೋ."

"ಆಮೇಲೆ?"

"ಆಮೇಲೆ ಕರೀತೀನಿ," ಎಂದಳು ಚುರುಕಿ. "ಬೇಗ ಬರಬೇಕು."