ಎಡಗಡೆ ಕಿಟಕಿಯ ಸಂಕಲ್ಪ

ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ವಾಹನ ಪೂಜೆಗೆ ನಿಂತ ಹೊಸ ಕಾರುಗಳ ನಡುವೆ ಸೌರಭನ ಕಿತ್ತಳೆ ಬಣ್ಣದ ಹಳೆಯ ಆಸ್ಟ್ರೇಲಿಯನ್ ಕಾರು, ವೇಲಿಯಂಟ್ ಚಾರ್ಜರ್, ಎಲ್ಲರ ಕಣ್ಣು ಕುಕ್ಕುತ್ತಿತ್ತು. ಅಡಿಲೇಡ್‌ನಲ್ಲಿ ಕೆಲಸಕ್ಕಿದ್ದಾಗ ಕೊಂಡ ಗಾಡಿಯನ್ನು ಹಡಗಿನಲ್ಲಿ ನಾರ್ತ್ ಕೆರೊಲೈನಾಕ್ಕೆ ತರಿಸಿದ್ದ. ಅದು ಬಂದಿಳಿದ ವಾರವೇ ಇಲ್ಲಿಯ ಕೆಲಸ ಹೋಯಿತು. ವೀಸಾದವರಿಗೆ ಬೇರೆ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು ಅರವತ್ತು ದಿನ ಗಡುವು. ಐವತ್ತೈದು ಮುಗಿದಿದ್ದವು. ಗಾಡಿ ಅಡಿಲೇಡ್‌ಗೆ ಮರಳಿ ಹಡಗು ಹತ್ತುವ ಮುನ್ನ ಪೂಜೆಯಾಗಲಿ ಎಂದು ಹಠ ಹಿಡಿದವಳು ಯಾಮಿನಿ. ಎರಡು ವರ್ಷ ಆಫೀಸಿನಲ್ಲಿ ಅವನ ಎದುರಿನ ಡೆಸ್ಕಿನವಳು.

"ಎಪ್ಪತ್ತೊಂದರಲ್ಲಿ ಲಾಂಚ್ ಆದಾಗ ಏನ್ ಕ್ರೇಜ್ ಗೊತ್ತಾ? ಟಿವಿ ಆಡ್ ನೋಡಿ ಕಲ್ತು, ಇದು ರೋಡಲ್ಲಿ ಹೋದ್ರೆ ಮಕ್ಕಳು ಎರಡು ಬೆರಳೆತ್ತಿ 'ಹೇ ಚಾರ್ಜರ್' ಅಂತ ಕೂಗೋವಂತೆ. ರೂಫಿನ ಆ ಹಿಂದಿನ ಇಳಿಜಾರು ನೋಡಿ..." ಎನ್ನುತ್ತಿದ್ದ ಸೌರಭ್.

"ನೋಡ್ದೆ," ಎಂದಳು ಪಕ್ಕದ ಸೀಟಿನ ಯಾಮಿನಿ, ಅವನ ಕಿವಿ ಹಿಂದಿನ ಒಂಟಿ ನರೆಗೂದಲನ್ನೇ ನೋಡುತ್ತ. ಕಾರಿನ ಬಗ್ಗೆ ಇಷ್ಟು ಮಾತಾಡುವವನು ಮನಸ್ಸಿನಲ್ಲಿರುವುದನ್ನು ಯಾಕೆ ಬಾಯಿಬಿಡುವುದಿಲ್ಲವೋ! "ಭಾನುವಾರ ಅಡಿಲೇಡ್ ಫ್ಲೈಟ್ ಅಲ್ವಾ?"

ಅವನು ಹಿಂದಿನ ಕನ್ನಡಿ ಸರಿಪಡಿಸತೊಡಗಿದ.

ಅಮೆರಿಕದ ಕಾರುಗಳಿಗೆ ಆರತಿ ಎತ್ತಿ ರೂಢಿಯಾಗಿದ್ದ ಅರ್ಚಕರು ನೇರ ಎಡಗಡೆ ಕಿಟಕಿಗೇ ಬಂದರು. ಈ ಗಾಡಿಯ ಸ್ಟೀರಿಂಗ್ ನಮ್ಮೂರಿನಂತೆ ಬಲಕ್ಕಿದೆ ಎಂದು ಅವರಿಗೇನು ಗೊತ್ತು? ಎಡಕ್ಕೆ ಕುಳಿತವಳೇ ಒಡತಿ ಎಂದುಕೊಂಡರು.

"ಸಂಕಲ್ಪಕ್ಕೆ ಗೋತ್ರ ಹೇಳಮ್ಮ."

"ಮೌದ್ಗಲ್ಯ," ಎಂದುಬಿಟ್ಟಳು.

ಅವರು ಮಂತ್ರ ಹೇಳಿ, ಚಕ್ರಗಳಡಿ ನಿಂಬೆಹಣ್ಣಿಟ್ಟು ಮುಂದಿನ ಕಾರಿಗೆ ಹೋದರು.

"ಅದು ನನ್ನ ಗೋತ್ರ," ಎಂದ ಸೌರಭ್ ಮೆಲ್ಲಗೆ. "ನಿಮಗೆ ಹೇಗೆ ಗೊತ್ತು?"

ಯಾಮಿನಿಯ ಕೆನ್ನೆ ಬಿಸಿಯಾಯಿತು. "ಹೋದ ವರ್ಷ ನಿಮ್ಮ ಅಕ್ಕನ್ನ ಕೇಳ್ದೆ. ನಮ್ಮದು ಕಾಶ್ಯಪ. ಒಂದೇ ಆಗಿದ್ರೆ ಅಮ್ಮ ಒಪ್ತಿರ್ಲಿಲ್ಲ ಅಂತ..."

"ಹೋದ ವರ್ಷಾನೇ?" ಅವನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡ. "ನಂಗೂ ನೀವಂದ್ರೆ ಪ್ರಾಣ, ಯಾಮಿನಿ. ಆದ್ರೆ ನೀವು ಒಂಬತ್ತು ವರ್ಷದಿಂದ ಗ್ರೀನ್ ಕಾರ್ಡ್ ಲೈನಲ್ಲಿದ್ದೀರ. ಅದನ್ನ ಬಿಟ್ಟು ನನ್ ಜೊತೆ ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

ಒಂಬತ್ತು ವರ್ಷ! ಅಪ್ಪನ ಕೊನೆಯ ದರ್ಶನಕ್ಕೂ ಹೋಗಲಾಗದೆ ಕಾದ ವರ್ಷಗಳು. ಬಿಡುವುದು ಸುಲಭವೇ? ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವನು ಕೀ ತಿರುಗಿಸಿದ, ಗಾಡಿ ಗುಡುಗಿತು.

"ಈಗ ಕೇಳಿ," ಎಂದಳು ಯಾಮಿನಿ.

ಅವನು ಕೇಳಿದ. ಅವಳು "ಹೂಂ" ಎಂದದ್ದು ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದ.