ನಾಲ್ಕು ಡಿಗ್ರಿಯ ಕೋಣೆ

“ಬಾಗಿಲು ಬಿಡಬೇಡಿ!”

ಡಾರ್ಕಾ ಕೂಗುವಷ್ಟರಲ್ಲಿ ಒಳಬಂದ ಯುವಕನ ಹಿಂದೆ ಬಾಗಿಲು ಮುಚ್ಚಿಕೊಂಡಿತ್ತು. ಶೀತಲ ಕೋಣೆಯ ಒಳಗಿನ ಹಿಡಿ ಕೆಟ್ಟು ವಾರವಾಗಿತ್ತು. ವಿನ್ನಿಪೆಗ್‌ನ ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅದು ಗೊತ್ತು... ಇವನೊಬ್ಬನನ್ನು ಬಿಟ್ಟು!

“ಯಾರು ನೀವು?”

“ರೆಮಿ. ಇವತ್ತೇ ಸೇರಿದ್ದು.”

ಇವನೇನಾ! ಶುಕ್ರವಾರದೊಳಗೆ ಫಲಿತಾಂಶ ಬರದಿದ್ದರೆ ಅವಳ ಕೆಲಸವನ್ನು ಹೊಸಬನಿಗೆ ಕೊಡುವುದಾಗಿ ಪ್ರೊಫೆಸರ್ ಮೆಕ್ರೇ ಹೇಳಿದ್ದರು.

ಆರು ವರ್ಷ! ಕಸಾಯಿಖಾನೆಯಿಂದ ದನದ ಲಿವರ್ ತರುವುದು, ಅರೆಯುವುದು, ಸೋಸುವುದು... ದೇಹದೊಳಗೆ ವಿಷವಾಗುವ ಆಲ್ಡಿಹೈಡನ್ನು ಲಿವರಿನ ಒಂದು ಕಿಣ್ವ, ಅಂದರೆ ಎನ್‌ಜೈಮ್, ಒಡೆಯುತ್ತದೆ. ಅದರ ವೇಗವನ್ನು ಅಳೆಯಬೇಕಿತ್ತು. ಅಳೆಯುವ ಹೊತ್ತಿಗೆ ಪ್ರತಿ ಸಲವೂ ಅದು ಕೆಟ್ಟಿರುತ್ತಿತ್ತು. ಬಿಟ್ಟು ಹೋಗಲೂ ಆಗದು, ಇರಲೂ ಆಗದು...

“ನನ್ ಕೆಲಸ ಕಿತ್ಕೊಳ್ಳೋಕೆ ಬಂದೋರು ನನ್ ಜೊತೇಲೇ ಸಿಕ್ಕಾಕೊಂಡ್ರಿ. ಒಳ್ಳೇದಾಯ್ತು!”

“ನಿಮ್ ತುಟಿ ನೀಲಿಯಾಗಿದೆ. ಮೊದ್ಲು ಇದನ್ನ ಹಾಕ್ಕೊಳ್ಳಿ, ಆಮೇಲೆ ಬೈಯಿರಿ.” ರೆಮಿ ಸ್ವೆಟರ್ ಬಿಚ್ಚಿ ಚಾಚಿದ.

“ಬೇಡ!”

ಐದೇ ನಿಮಿಷಕ್ಕೆ ಹಾಕಿಕೊಂಡಳು.

ಬಾಗಿಲು ಬಡಿಯುತ್ತಾ ಅರ್ಧ ಗಂಟೆ ಕಳೆಯಿತು. ಯಾರಿಗೂ ಹೇಳದ ಸೋಲನ್ನೆಲ್ಲ ಅವಳು ಅವನಿಗೆ ಹೇಳಿಕೊಂಡಳು. ಕೊನೆಗೆ ಯಾರೋ ಹೊರಗಿನಿಂದ ತೆರೆದರು.

ಶುಕ್ರವಾರ ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ಅವಳ ಕಿಣ್ವದ ಎರಡು ಸೀಸೆಗಳ ಪೈಕಿ ಒಂದೇ ಉಳಿದಿತ್ತು. ಇನ್ನೊಂದು ರೆಮಿಯ ಕೈಯಲ್ಲಿತ್ತು! ಸುತ್ತ ಕೊಳೆತ ಮೊಟ್ಟೆಯಂಥ ನಾತ.

“ನಂಬಿ ಎಲ್ಲಾ ಹೇಳ್ದೆ... ಕದ್ದೇಬಿಟ್ರಲ್ಲ!”

“ಕೇಳ್ದೆ ತಗೊಂಡಿದ್ದು ತಪ್ಪು. ಆದ್ರೆ ಗಾಳಿ ತಾಕಿ ನಿಮ್ ಎನ್‌ಜೈಮ್ ಕೆಡ್ತಿದೆ, ಡಾರ್ಕಾ. ನಾನು ಇದಕ್ಕೆ ಬೆರೆಸಿರೋ ಈ ಗಬ್ಬು ನೀರು ಅದನ್ನ ಕಾಪಾಡುತ್ತೆ. ನಂದೂ ಎರಡು ವರ್ಷ ಹೀಗೇ ಹಾಳಾಗಿತ್ತು. ನೀವೇ ಆಲ್ಡಿಹೈಡ್ ಹಾಕಿ ನೋಡಿ.”

ಅವಳು ಹಾಕಿದಳು. ವೇಗ ಅಳೆಯುವ ಯಂತ್ರದ ಅಂಕಿ ಅಲುಗಿತು... ಏರಿತು... ಏರುತ್ತಲೇ ಹೋಯಿತು!

“ಯಾರ ಫಲಿತಾಂಶ ಇದು?” ಹಿಂದೆ ಪ್ರೊಫೆಸರ್ ನಿಂತಿದ್ದರು.

ಡಾರ್ಕಾಳ ಕೆಲಸ ಕೈಗೆ ಬರದಿದ್ದರೆ ರೆಮಿಗೆ ಅಲ್ಲಿ ಜಾಗವಿರಲಿಲ್ಲ.

“ಡಾರ್ಕಾ ಅವ್ರದ್ದು. ನಾನು ಸೀಸೆ ಹಿಡ್ಕೊಂಡಿದ್ದೆ, ಅಷ್ಟೇ.”

ಪ್ರೊಫೆಸರ್ ಹೋದ ಮೇಲೆ ಅವಳ ಕಣ್ಣು ತುಂಬಿತು. ‘ಇವನನ್ನೇ ಕಳ್ಳ ಅಂದೆನಲ್ಲ!’

“ಇನ್ನು ನೀವೇನ್ ಮಾಡ್ತೀರಿ?”

“ಇಲ್ಲೇ ನದಿಯಾಚೆ ಸೇಂಟ್ ಬಾನಿಫೇಸ್‌ನಲ್ಲಿ ಅಪ್ಪನ ಬೇಕರಿ ಇದೆ. ಬೇರೆ ಕೆಲಸ ಸಿಗೋವರೆಗೂ ಹಿಟ್ಟು ನಾದ್ತೀನಿ.”

“ನಾನು ಬರ್ಲಾ?”

“ಬ್ರೆಡ್ ತಗೊಳ್ಳೋಕಾ?”

“ಪೆದ್ದ! ನಿನ್ನನ್ನ ನೋಡೋಕೆ.”

ಆ ‘ನಿನ್ನನ್ನ’ ಕೇಳಿ ರೆಮಿಯ ಕಿವಿ ಕೆಂಪಾಯಿತು.

“ಆರಕ್ಕೆ ಅಂಗಡಿ ಮುಚ್ತೀವಿ...”

“ಹಾಗಾದ್ರೆ ಆರಕ್ಕೇ ಬರ್ತೀನಿ. ಗಿರಾಕಿಗಳು ಇರಬಾರ್ದು.”